ಏರ್ ಸಸ್ಪೆನ್ಷನ್ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ: ನನ್ನ ಅನುಭವ

ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಕಟ್ಟೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ನಮ್ಮವರೆಲ್ಲರದೂ ಒಂದೇ ಮಾತು. ನನ್ನ 2020ರ ಬಿಎಸ್6 ಜರ್ಮನ್ ಡೀಸೆಲ್ ಎಸ್‌ಯುವಿ ಐದು ವರ್ಷ ಮುಗಿಸಿದೆ; ಲೋಹದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲೋ ಏರ್ ಸಸ್ಪೆನ್ಷನ್ ಇದರದು. ಕಟ್ಟಿದ್ದರ ಎರಡರಷ್ಟು ಹತ್ತಿರ ವಸೂಲಾಗಿದೆ.

ಹಿಂದಿನ ಸೆಡಾನ್ ಸೆಕೆಂಡ್ ಹ್ಯಾಂಡ್. ಅದಕ್ಕೆ ಹೊರಗಿನ ಕಂಪನಿಯೊಂದರ ವಾರಂಟಿ ಇತ್ತು, ಮೂವತ್ತು ಸಾವಿರದ ಆಸುಪಾಸು. ಗೇರ್‌ಬಾಕ್ಸಿನ ಮೆಕಾಟ್ರಾನಿಕ್ಸ್ (ಗೇರ್ ಬದಲಿಸೋ ಕಂಟ್ರೋಲ್ ಯೂನಿಟ್) ಹೋಯ್ತು, ಎಸ್ಟಿಮೇಟ್ ಎರಡೂವರೆ ಲಕ್ಷ. ಒಂದು ಕ್ಲೇಮಿಗೆ ಇಷ್ಟೇ ಅಂತ ಮಿತಿ, ಅದರ ಮೇಲೆ 'ಸವೆತ' ಅಂತ ಕಡಿತ. ಕೈಗೆ ಬಂದಿದ್ದು ನಲವತ್ತು ಸಾವಿರ! ಹಾಗಾಗಿ ಈ ಸಲ ಕಾರು ಕಂಪನಿಯದೇ ತಗೊಂಡೆ, ಅದೂ ಮೂಲ ವಾರಂಟಿ ಮುಗಿಯೋ ಮುಂಚೆ. ಮುಗಿದ ಮೇಲೆ ಹೋದರೆ ಇನ್‌ಸ್ಪೆಕ್ಷನ್ ಅಂತ ಶುರು ಮಾಡ್ತಾರೆ. ನಾಲ್ಕು, ಐದನೇ ವರ್ಷಕ್ಕೆ ಜಿಎಸ್‌ಟಿ ಸೇರಿ ಒಂದೂಮುಕ್ಕಾಲು ಲಕ್ಷ. ಅವರು ಮೊದಲು ಹೇಳಿದ ರೇಟು ಇದಲ್ಲ. ಹೇಗೆ ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಾಲ್ಕನೇ ವರ್ಷ ಗಾಡಿಗೆ ಏನೂ ಆಗಲಿಲ್ಲ. ಭಾವ ಸಿಕ್ಕಾಗಲೆಲ್ಲ "ಎಲ್ಲಪ್ಪಾ ನಿನ್ನ ಕ್ಲೇಮು?" ಅಂತಿದ್ದರು. ಐದನೇ ವರ್ಷ ಬೆಳಗ್ಗೆ ನೋಡಿದರೆ ಹಿಂದಿನ ಎಡಗಡೆ ಕುಗ್ಗಿರೋದು. ಸ್ಟಾರ್ಟ್ ಮಾಡಿದರೆ ಏಳುತ್ತಿತ್ತು, ವರ್ಕ್‌ಶಾಪಲ್ಲಿ "ಏನೂ ಇಲ್ಲ ಸರ್" ಅಂತ ವಾಪಸ್ ಕಳಿಸಿದರು. ರಾತ್ರಿ ನಿಲ್ಲಿಸಿದಾಗೊಮ್ಮೆ, ಬೆಳಗ್ಗೆ ಒಮ್ಮೆ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ಅಳೆದೆ, ಫೋಟೋ ಸಮೇತ ಇಮೇಲ್ ಹಾಕಿದೆ. ಬಾಯಲ್ಲಿ ಹೇಳಿದ್ದು ಜಾಬ್ ಕಾರ್ಡಿಗೆ, ಅಂದರೆ ವರ್ಕ್‌ಶಾಪ್ ದೂರು ಬರೆದುಕೊಳ್ಳೋ ಹಾಳೆಗೆ, ಹತ್ತಲ್ಲ. ಹಿಂದಿನ ಎರಡೂ ಏರ್ ಸ್ಪ್ರಿಂಗ್, ಸೋರಿಕೆ ತುಂಬಿಸೋಕೆ ಓಡಿ ಓಡಿ ಸುಸ್ತಾಗಿದ್ದ ಗಾಳಿ ಪಂಪು ಕಂಪ್ರೆಸರ್, ಎಲ್ಲ ಬದಲಾಯ್ತು. ಬಿಲ್ಲು ಎರಡೂಮುಕ್ಕಾಲು ಲಕ್ಷ, ನನ್ನ ಜೇಬಿಂದ ಸೊನ್ನೆ.

ವಾರಂಟಿ ಮುಗಿಯೋಕೆ ತಿಂಗಳಿರುವಾಗ ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದೋ ಸ್ವಂತ ಸ್ಕ್ಯಾನರ್ ಹಾಕಿದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯೋ ನಾಕ್ಸ್ ಸೆನ್ಸರಿನ ಕೋಡ್ ಕೂತಿತ್ತು, ಡ್ಯಾಶಲ್ಲಿ ಲೈಟ್ ಇನ್ನೂ ಬಂದಿರಲಿಲ್ಲ. ಅಳಿಸದೆ ಹಾಗೇ ಒಯ್ದೆ. ಅದೊಂದು ಅರವತ್ತೋ ಎಪ್ಪತ್ತೋ ಸಾವಿರ ಉಳಿಸಿತು.

ನಡುವೆ ಗೇರ್‌ಬಾಕ್ಸ್ ಆಯಿಲನ್ನೂ ಬದಲಿಸಿದೆ. 'ಜೀವಮಾನಕ್ಕೆ ಒಂದೇ ಆಯಿಲ್' ಅಂತಾರೆ, ಆದರೆ ಎಂಟು ಗೇರಿನ ಈ ಬಾಕ್ಸ್ ಮಾಡೋ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತೆ. ವಾರಂಟಿಗೆ ಕುತ್ತು ಬರಬಾರದು ಅಂತ ಅಧಿಕೃತ ವರ್ಕ್‌ಶಾಪಲ್ಲೇ ಮಾಡಿಸಿದೆ. ಟ್ರಾಫಿಕ್ಕಲ್ಲಿ ಎರಡರಿಂದ ಒಂದಕ್ಕೆ ಇಳಿಯುವಾಗ ಕೊಡ್ತಿದ್ದ ಜರ್ಕ್ ಹೋಯ್ತು.

ನೀರು ನುಗ್ಗಿದರೆ ಇದ್ಯಾವುದೂ ನೆರವಿಗೆ ಬರಲ್ಲ. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು ಕಡೆ ಮುಳುಗಿದ ಕಾರುಗಳಂಥ ಕೇಸಿಗೆ ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಬೇರೆಯೇ ಬೇಕು.

ಆರನೇ ವರ್ಷಕ್ಕೆ ಎರಡು ಲಕ್ಷ ದಾಟಿಸಿ ಕೋಟ್ ಕೊಟ್ಟಿದ್ದಾರೆ. ಹಿಂದಿನ ಸ್ಪ್ರಿಂಗು, ಕಂಪ್ರೆಸರ್ ಹೊಸವು, ಹಳೇದು ಉಳಿದಿರೋದು ಮುಂದಿನ ಚಕ್ರಗಳ ಸ್ಟ್ರಟ್ಟು (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಭಾಗ) ಮಾತ್ರ. ಈ ಸಲ ಕಟ್ಟಲ್ಲ.