ಶಿಲ್ಕು ನೋಡಿ ಎಣಿಸುವುದು

ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಒಂದು ಕೋಡಿಂಗ್ ಪ್ರಾಬ್ಲಮ್ ಬಿಡಿಸುವುದು ನನ್ನ ರೂಢಿ. ಅವುಗಳಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಇದು: ಅರೇಯಲ್ಲಿ, ಅಂದರೆ ಸಾಲಾಗಿ ಇಟ್ಟ ಸಂಖ್ಯೆಗಳಲ್ಲಿ, ಮೊತ್ತ ಸರಿಯಾಗಿ ಕೆ ಎಂಬ ಕೊಟ್ಟ ಸಂಖ್ಯೆಯಾಗುವ ಸಬ್‌ಅರೇಗಳು (ನಡುವೆ ಏನನ್ನೂ ಬಿಡದೆ ತೆಗೆದ ತುಂಡುಗಳು) ಎಷ್ಟಿವೆ?

ಮೊದಲು ಒಂದರೊಳಗೊಂದು ಎರಡು ಲೂಪ್ ಬರೆದು ಪ್ರತಿ ಸಬ್‌ಅರೇಯನ್ನೂ ಕೂಡಿಸಿ ನೋಡಿದೆ. ಉತ್ತರವೇನೋ ಸರಿ. ಆದರೆ 20,000 ಸಂಖ್ಯೆಗಳಿದ್ದರೆ ನೋಡಬೇಕಾದ ಸಬ್‌ಅರೇಗಳು ಸುಮಾರು 20 ಕೋಟಿ; ಪೈಥಾನ್‌ನಲ್ಲಿ ಟೈಮ್ ಲಿಮಿಟ್ ದಾಟಿತು. ಆಮೇಲೆ ಸ್ಲೈಡಿಂಗ್ ವಿಂಡೋ ಹಿಡಿದೆ: ಬಲಗಡೆ ಒಂದೊಂದೇ ಸಂಖ್ಯೆ ಸೇರಿಸುತ್ತಾ, ಮೊತ್ತ ಕೆ ದಾಟಿದರೆ ಎಡಗಡೆಯದನ್ನು ಬಿಡುತ್ತಾ ಹೋಗುವುದು. 4, 5, -2, 4 ಕೊಟ್ಟು, ಕೆ 7 ಇಟ್ಟರೆ ಅದು 1 ಅಂದಿತು. ಬೆರಳಲ್ಲಿ ಎಣಿಸಿದರೆ 2 ಇವೆ: 4, 5, -2 ಒಂದು, 5, -2, 4 ಇನ್ನೊಂದು. ಮೊತ್ತ 9 ಆಯಿತೆಂದು ನನ್ನ ಕೋಡ್ ಮೊದಲ 4ನ್ನು ಬಿಟ್ಟುಬಿಟ್ಟಿತ್ತು. ಮುಂದೆ -2 ಬಂದು ಮೊತ್ತ ಇಳಿಯುತ್ತದೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಋಣ ಸಂಖ್ಯೆ ಇದ್ದಲ್ಲಿ ಈ ಲೆಕ್ಕಕ್ಕೆ ವಿಂಡೋ ನಂಬುವಂತಿಲ್ಲ.

ದಾರಿ ಹೊಳೆದದ್ದು ಅಮ್ಮನ ಪಾಸ್‌ಬುಕ್ ನೋಡುವಾಗ. ಯಾವುದೇ ಎರಡು ಸಾಲಿನ ಶಿಲ್ಕು ಕಳೆದರೆ ನಡುವೆ ಬಂದುಹೋದ ಹಣ ಸಿಗುತ್ತದೆ. ಪ್ರಿಫಿಕ್ಸ್ ಸಮ್, ಅಂದರೆ ಅರೇಯ ತಲೆಯಿಂದ ಇಲ್ಲಿಯವರೆಗಿನ ಮೊತ್ತ, ಈ ಶಿಲ್ಕೇ! ಮೇಲಿನ ಅರೇಯ ಶಿಲ್ಕುಗಳು 0, 4, 9, 7, 11. ಪ್ರತಿ ಹೆಜ್ಜೆಯಲ್ಲೂ ಇಂದಿನ ಶಿಲ್ಕಿನಿಂದ 7 ಕಳೆದು, ಆ ಶಿಲ್ಕು ಹಿಂದೆ ಎಷ್ಟು ಸಲ ಬಂದಿತ್ತೆಂದು, ಪ್ರತಿ ಶಿಲ್ಕಿನ ಎಣಿಕೆ ಬರೆದಿಡುವ ಪೈಥಾನ್ ಡಿಕ್ಷನರಿಯನ್ನು ಕೇಳುತ್ತೇನೆ. 7ಕ್ಕೆ ಬಂದಾಗ ಹಿಂದೆ 0 ಇದೆ, 11ಕ್ಕೆ ಬಂದಾಗ 4 ಇದೆ. ಒಟ್ಟು 2. ಒಂದೇ ಲೂಪ್.

ನಾನು ಎಡವಿದ್ದು ಆ ಮೊದಲ 0 ಬರೆಯಲು ಮರೆತು. ಖಾತೆ ತೆರೆದ ದಿನದ ಶಿಲ್ಕು 0, ಅದು ಒಂದು ಸಲ ಬಂದಿದೆ ಎಂದು ಡಿಕ್ಷನರಿಯಲ್ಲಿ ಮೊದಲೇ ಇಡದಿದ್ದರೆ ಅರೇಯ ತಲೆಯಿಂದ ಶುರುವಾಗುವ ಸಬ್‌ಅರೇಗಳೆಲ್ಲ ತಪ್ಪಿಹೋಗುತ್ತವೆ. ಜೊತೆಗೆ, ಮೊದಲು ಕೇಳಬೇಕು, ಆಮೇಲೆ ಬರೆಯಬೇಕು. ಕೆ 0 ಆಗಿದ್ದು ಕ್ರಮ ತಿರುವುಮುರುವಾದರೆ ಪ್ರತಿ ಶಿಲ್ಕೂ ತನ್ನನ್ನೇ ಎಣಿಸಿಕೊಳ್ಳುತ್ತದೆ.

ಸಿ++ ಅಥವಾ ಜಾವಾದಲ್ಲಿ ಬರೆಯುವವರು ಎಣಿಕೆಯ ಗಾತ್ರವನ್ನೂ ನೋಡಿಕೊಳ್ಳಿ: ಒಂದು ಲಕ್ಷ ಸೊನ್ನೆಗಳಿದ್ದು ಕೆ ಕೂಡ 0 ಆದರೆ ಉತ್ತರ 500 ಕೋಟಿ ದಾಟುತ್ತದೆ, 32 ಬಿಟ್ ಇಂಟ್ ಎಂಬ ಮಾಮೂಲಿ ಪೂರ್ಣಾಂಕದಲ್ಲಿ ಅದು ಹಿಡಿಸದು. ಮೊತ್ತ ಕೆಯಿಂದ ಭಾಗವಾಗುವ ಸಬ್‌ಅರೇ ಕೇಳಿದರೆ ಶಿಲ್ಕಿನ ಬದಲು ಅದರ ಶೇಷ ಬರೆದಿಟ್ಟು, ಅದೇ ಶೇಷ ಹಿಂದೆ ಎಷ್ಟು ಸಲ ಬಂದಿತ್ತೆಂದು ನೋಡಿದರಾಯಿತು. ಅಲ್ಲೂ ಒಂದು ಎಚ್ಚರ: -1ನ್ನು 5ರಿಂದ ಭಾಗಿಸಿದರೆ ಪೈಥಾನ್ ಶೇಷ 4 ಅನ್ನುತ್ತದೆ, ಜಾವಾ -1 ಅನ್ನುತ್ತದೆ. ಶೇಷ ಋಣವಾದಾಗಲೆಲ್ಲ ನಾನು ಕೆ ಕೂಡಿಸಿಕೊಂಡೇ ಮುಂದೆ ಹೋಗುತ್ತೇನೆ.