ಹಳೆ ಮರಕ್ಕೆ ಅಡಕೆ ತಕ್ಕಡಿ

ಕೆಡವಿದ ಮನೆಗಳ ಹಳೆ ಮರವನ್ನು ಕೊಳ್ಳುವ ಮೊದಲು ತಕ್ಕಡಿಗೆ ಹಾಕುತ್ತೇನೆ ಅಂತ ಕಾಸರಗೋಡಿನ ಬದಿಯಡ್ಕ ಕಡೆಯ ಆಚಾರಿಗಳು ನನಗೆ 'ಮರ ತೂಗುವ ಮರುಳ' ಅಂತ ಹೆಸರಿಟ್ಟಿದ್ದರು. ಹೋದ ಬೇಸಗೆಯಲ್ಲಿ ನೀರ್ಚಾಲು ಹತ್ತಿರದ ಹಳೆ ಮನೆಯ ಮರ ತಂದು ಇಳಿಸಿದ ಮೇಲೆ ಯಾರೂ ಹಾಗೆ ಕರೆಯುತ್ತಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ.

ಹೆದ್ದಾರಿ 66 ಆರು ಪಥ ಆಗುವಾಗ ತಲಪಾಡಿಯಿಂದ ಚೆಂಗಳದ ತನಕ ಹಳೆ ಕಟ್ಟಡಗಳು ಸಾಲಾಗಿ ಬಿದ್ದವು ಅಲ್ವಾ, ಆಗ ಹಿಡಿದ ಹುಚ್ಚು ಇದು. ಉಪ್ಪಳದ ಹತ್ತಿರ ಹಲಸಿನ ಪಕ್ಕಾಸು, ಅಂದರೆ ಹಂಚಿನ ಮಾಡಿನ ಇಳಿಜಾರು ಮರ, ಸಿಕ್ಕಿತು. 4 ಇಂಚು, 2 ಇಂಚು, 9 ಅಡಿ ಉದ್ದ, 40 ತುಂಡು. ಲೆಕ್ಕಕ್ಕೆ 20 ಘನ ಅಡಿ. ಮಾರುವವ ಘನ ಅಡಿಗೆ ಸಾವಿರ ಅಂದ. ಮಿಲ್ಲಿನಲ್ಲಿ ಹೊಸ ಹಲಸು ಆಗ 1,400ರ ಆಸುಪಾಸು. ಹಿಂದೆಮುಂದೆ ನೋಡದೆ 20 ಸಾವಿರ ಎಣಿಸಿದೆ.

ಮನೆಗೆ ತಂದು ನೋಡಿದರೆ ಸೂರಿನ ಕಡೆ ಒಂದಡಿ ಲಡ್ಡು, ಕೊಳೆತು ಹೋಗಿತ್ತು. ಮೇಲಿನ ತುದಿಯ ತೂತಿಗೆ ಇನ್ನರ್ಧ ಅಡಿ ಹೋಯಿತು. ಹಂಚು ಕೂರುವ ರೀಪಿನ ಆಣಿ ಹೊಡೆದ ಮೈಯೆಲ್ಲ ಕಪ್ಪು. ಅದನ್ನು ಕೀಸುವಾಗ ದಪ್ಪ ಒಂದೂವರೆಗೆ, ಅಗಲ ಮೂರೂವರೆಗೆ ಇಳಿಯಿತು. ಕೈಗೆ ಬಂದದ್ದು 11 ಘನ ಅಡಿ! ಆಣಿ ಕೀಳುವ ಕೂಲಿ, ಪಿಕಪ್ ಬಾಡಿಗೆ, ಒಳಗೆ ಮುರಿದು ಉಳಿದ ಆಣಿಗೆ ಬಡಿದು ಹಾಳಾದ ಮಿಲ್ಲಿನ ಬ್ಲೇಡಿನ ದಂಡ, ಎಲ್ಲ ಸೇರಿ ಘನ ಅಡಿಗೆ 2,200 ದಾಟಿತು. ಹೆಂಡತಿಗೆ ಇನ್ನೂ ಹೇಳಿಲ್ಲ.

ಈಗ ನನ್ನ ಲೆಕ್ಕ ಹಿಂದಿನಿಂದ ಮುಂದೆ. ಕತ್ತರಿಸಿ ಕೀಸಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ತುಂಡು ತುಂಡಾಗಿ ಬರೆಯುತ್ತೇನೆ. ಅದಕ್ಕೆ ಹೊಸ ಮರದ ದರ ಹಾಕಿ, ಕೂಲಿ ಬಾಡಿಗೆ ಕಳೆದು, ಉಳಿದದ್ದರ ಮುಕ್ಕಾಲು ಪಾಲಿನಿಂದ ಮಾತು ಶುರು.  

ಆಮೇಲೆ ತಕ್ಕಡಿ. ಅಡಕೆ ಮೂಟೆ ತೂಗುವ ಅದೇ ತಕ್ಕಡಿ. ಒಣ ತೇಗ ಘನ ಅಡಿಗೆ ಸುಮಾರು 18 ಕಿಲೋ, ಬೀಟೆ 24, ಕಿರಾಲ್‌ಬೋಗಿ ಅನ್ನುವ ಗಟ್ಟಿ ಮರ 26-27. ಮಳೆಗಾಲದಲ್ಲಿ ಈ ಲೆಕ್ಕ ನಂಬಬೇಡಿ.

ನೀರ್ಚಾಲಿನ ಮನೆಯವರು ಒಟ್ಟು ಮರಕ್ಕೆ 60 ಸಾವಿರ ಹೇಳಿದ್ದರು. ಹಸಿರು ಪೈಂಟ್ ಬಳಿದ ತೇಗದ ಅಡ್ಡತೊಲೆ ಒಂದಿತ್ತು, 6 ಇಂಚು, 5 ಇಂಚು, 10 ಅಡಿ. 37 ಕಿಲೋ ತೂಗಬೇಕಿತ್ತು, 28 ತೂಗಿತು. ಪೈಂಟಿನ ಮೇಲೆ ಒಂದು ಗೀರೂ ಇಲ್ಲ. ಬರ್ಮದಿಂದ ತೂತು ಕೊರೆದೆ, ಎರಡಿಂಚು ಒಳಗಿಂದ ಬರೀ ಹುಡಿ ಸುರಿಯಿತು. ಅಲ್ಲಿಗೆ ಅವರ ದನಿ ತಗ್ಗಿತು. ಅಡುಗೆಮನೆಯ ಮಸಿ ಮೆತ್ತಿದ ನಾಲ್ಕು ಅಡ್ಡತೊಲೆ ಮೂಲೆಯಲ್ಲಿದ್ದವು, ಅದೇ ಅಳತೆ. 'ಕಾಡುಮರ, ನಾಲ್ಕಕ್ಕೆ 6 ಸಾವಿರ ಕೊಡಿ' ಅಂದರು. ಒಂದನ್ನು ತೂಗಿದೆ, 55 ಕಿಲೋ. ಸುಮ್ನೆ ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ. ಉಳಿ ಹಾಕಿ ನೋಡಿದ್ದು ಮನೆಗೆ ಬಂದ ಮೇಲೆ. ಕಿರಾಲ್‌ಬೋಗಿಯೇ! ಎಲ್ಲ ಸೇರಿ 34 ಸಾವಿರಕ್ಕೆ ಮುಗಿಯಿತು.

ಬರೀ ತೂಕದಿಂದ ಜಾತಿ ಗೊತ್ತಾಗುವುದಿಲ್ಲ. ಮಸಿಯ ಮೇಲಿಂದಲೇ ಗುರುತು ಹಿಡಿಯಲು ನನ್ನದೊಂದು ಉಪಾಯ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ.

ಹುಳದ ತೂತಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೂ ನೋಡಿದೆ. ಹುಳ ಹೋಯಿತು. ಆದರೆ ಆ ಕಿಟಕಿ ಎರಡು ತಿಂಗಳು ಅಂಟಂಟು, ವಾರ್ನಿಶ್ ಕೂರಲೇ ಇಲ್ಲ. ಅಂಗೈ ಸುಟ್ಟು ಸುಲಿದದ್ದು ಬೇರೆ. ಕಾಣದ ಜಾಗಕ್ಕೆ ಮಾತ್ರ ಬಳಿಯಿರಿ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು.

ಮೊದಲು ನಕ್ಕ ಆಚಾರಿ ಮೊನ್ನೆ ತಕ್ಕಡಿ ಕೇಳಿಕೊಂಡು ಬಂದಿದ್ದರು. ಅಡಕೆ ತೂಗಲಿಕ್ಕಿದೆಯಂತೆ. ಅವರಿಗೆ ತೋಟವೇ ಇಲ್ಲ.