ಮುಕ್ಕಾಲು ಪಾಲು ಬಿಳಿಯಿರುವ ಚಿತ್ರಕ್ಕೆ ಕಟ್ಟು ಹಾಕಿಸಿದ್ದು

ಮಂಗಳೂರಿನ ನಮ್ಮ ಮನೆಯ ಹಾಲ್‌ಗೆಂದು, ಮೂರೇ ಗೆರೆಗಳಲ್ಲಿ ಬೆಟ್ಟವನ್ನು ಸೂಚಿಸುವ ಚಿತ್ರವೊಂದನ್ನು ಫ್ರೇಮ್ ಸಮೇತ ಆನ್‌ಲೈನ್‌ನಲ್ಲಿ ತರಿಸಿದ್ದೆ. ಮೊದಲ ಮಳೆಗಾಲ ಮುಗಿಯುವುದರೊಳಗೆ ಕಾಗದವು ಗಾಜಿಗೆ ಅಂಟಿಕೊಂಡು ಸುಕ್ಕಾಯಿತು, ಮೂಲೆಯಲ್ಲಿ ಬೂಷ್ಟು ಹಿಡಿಯಿತು. ಬಣ್ಣ ತುಂಬಿದ ಚಿತ್ರವಾಗಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲವೇನೋ. ಇಲ್ಲಿ ಪ್ರತಿಯೊಂದು ಕಲೆಯೂ ನಾಲ್ಕನೆಯ ಗೆರೆಯಂತೆ ಎದ್ದು ಕಾಣುತ್ತಿತ್ತು. ಬಿಚ್ಚಿ ನೋಡಿದರೆ ಗಾಜಿಗೂ ಕಾಗದಕ್ಕೂ ನಡುವೆ ಅಂತರವೇ ಇರಲಿಲ್ಲ.

ಆದ್ದರಿಂದ ಎರಡನೆಯ ಸಲ ಚಿತ್ರವನ್ನು ಮಾತ್ರ ಕೊಂಡು, ಕಟ್ಟನ್ನು ಊರಿನಲ್ಲೇ ಹಾಕಿಸಿದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ, ಒಂದೇ ಗೆರೆಯಲ್ಲಿ ಮೂಡಿದ ದೋಣಿಯ ಎ3 ಅಳತೆಯ ಪ್ರಿಂಟ್ ಸಿಕ್ಕಿತು. ಕಲಾವಿದೆಯನ್ನು ನಾನು ಕೇಳಿದ್ದು ಎರಡೇ ಪ್ರಶ್ನೆ: ಕಾಗದ ಹತ್ತಿಯದೇ, ಶಾಯಿ ಪಿಗ್ಮೆಂಟಿನದೇ, ಅಂದರೆ ಕರಗದ ಬಣ್ಣದ ಪುಡಿಯಿಂದ ಮಾಡಿದ್ದೇ. ಬಣ್ಣ ಕರಗಿಸಿ ಮಾಡಿದ ಡೈ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ, ಮರದ ತಿರುಳಿನ ಅಗ್ಗದ ಕಾಗದ ಹಳದಿಗಟ್ಟುತ್ತದೆ; ಬಿಳುಪನ್ನೇ ನೆಚ್ಚಿಕೊಂಡ ಚಿತ್ರಕ್ಕೆ ಎರಡನೆಯದೇ ಹೆಚ್ಚು ಅಪಾಯ.

ಕಟ್ಟು ಹಾಕುವವರು ದೇವರ ಪಟ, ಮದುವೆಯ ಫೋಟೋಗಳಲ್ಲಿ ಪಳಗಿದವರು. “ಇಷ್ಟು ಖಾಲಿ ಕಾಗದ ಎಂತಕ್ಕೆ ಸರ್, ಕತ್ತರಿಸಿದರೆ ಸಣ್ಣ ಫ್ರೇಮಲ್ಲೇ ಆಗ್ತದೆ” ಎಂದರು. ನನ್ನ ಖರ್ಚು ಉಳಿಸುವ ಮಾತೇ ಅದು. ನಾನು ಮಾತ್ರ ಅದಕ್ಕೆ ವಿರುದ್ಧವಾಗಿ, ಸುತ್ತಲೂ ಏಳೂವರೆ ಸೆಂ.ಮೀ. ಅಗಲದ, ಆಮ್ಲರಹಿತ ಮೌಂಟ್ ಬೋರ್ಡ್, ಅಂದರೆ ಚಿತ್ರಕ್ಕೂ ಫ್ರೇಮಿಗೂ ನಡುವೆ ಅಂಚಿನಂತೆ ಕೂರುವ ದಪ್ಪ ರಟ್ಟು, ಕೇಳಿದೆ. 29.7×42 ಸೆಂ.ಮೀ. ಚಿತ್ರ ಹೀಗೆ ಸುಮಾರು 45×57 ಆಯಿತು, ಗಾಜು ಬೋರ್ಡಿನ ದಪ್ಪದಷ್ಟು ದೂರ ಸರಿಯಿತು. ಹಿಂದೆ ಗೋಂದು ಬಳಿಯದೆ ಮೇಲಂಚಿನಲ್ಲಿ ಮಾತ್ರ ಎರಡು ಕಾಗದದ ಪಟ್ಟಿಗಳಿಂದ ತೂಗುಬಿಡುವಂತೆ ಹೇಳಿದೆ, ಏಕೆಂದರೆ ತೇವಕ್ಕೆ ಹಿಗ್ಗುವ ಕಾಗದಕ್ಕೆ ಹಿಗ್ಗಲು ಜಾಗ ಬೇಕು.

ತಪ್ಪಾದದ್ದು ಬಣ್ಣದಲ್ಲಿ. ಅಚ್ಚ ಬಿಳಿಯ ಬೋರ್ಡ್ ಆರಿಸಿದ್ದರಿಂದ ಅದರ ಪಕ್ಕದಲ್ಲಿ ಹತ್ತಿಯ ಕಾಗದ ಕೊಳೆಯಾದಂತೆ ಕಂಡಿತು. ಕೆನೆಬಣ್ಣದ್ದನ್ನು ಮತ್ತೆ ಕತ್ತರಿಸಿ ಹಾಕಿಸಬೇಕಾಯಿತು. ಬೋರ್ಡಿನ ತುಣುಕನ್ನು ಚಿತ್ರದ ಮೇಲೆಯೇ ಇಟ್ಟು, ಅಂಗಡಿಯ ಟ್ಯೂಬ್‌ಲೈಟಿನಲ್ಲಲ್ಲ, ಹಗಲ ಬೆಳಕಿನಲ್ಲಿ ನೋಡಬೇಕಿತ್ತು.

ಮಳೆಗೆ ನೆನೆಯುವ ಹೊರಗೋಡೆಯನ್ನೂ ಸಂಜೆ ಬಿಸಿಲು ಬೀಳುವ ಗೋಡೆಯನ್ನೂ ಬಿಟ್ಟು, ಒಳಗೋಡೆಯಲ್ಲಿ ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಬರುವಂತೆ ಮೊಳೆ ಹೊಡೆದೆ. ಗಾಳಿಯಾಡಲೆಂದು ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕ್ ತುಂಡುಗಳನ್ನು ಅಂಟಿಸಿದೆ. ತುಳುನಾಡಿನ ಆಟಿ ತಿಂಗಳ ಮಳೆ ಕಳೆದ ಮೇಲೆ ಇಳಿಸಿ ನೋಡಿದಾಗ ಕಾಗದ ಹಾಕಿದ ಹಾಗೆಯೇ ಇತ್ತು. ಒಂದು ಕಾರ್ಕ್ ಮಾತ್ರ ಉದುರಿತ್ತು.